ನೆರಳಿನ ಪಾಳಿ

ಸಿಂದಗಿಯ ಬಸ್ ನಿಲ್ದಾಣದ ಬೇವಿನ ಮರದ ಕೆಳಗೆ ಇನ್ನೂ ನಾಲ್ಕಾರು ಜನ ನಿಲ್ಲುವಷ್ಟು ಜಾಗವಿತ್ತು. ಆದರೂ ಚಂದಪ್ಪ ಮಾಸ್ತರ ನೆರಳಿನ ಗೆರೆಯ ಆಚೆ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಕೈಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಬೇಕೆಂದು ನಿಂತದ್ದಲ್ಲ. ಮರದ ಕಡೆಗೇ ಹೊರಟಿದ್ದ. ಬುಡದಲ್ಲಿ ಕೂತಿದ್ದ ಮುದುಕಿಯೊಬ್ಬಳು ಸೆರಗಿನಿಂದ ಮುಖ ಒರೆಸಿಕೊಂಡು ಇವನನ್ನು ನೋಡಿದಳು, ಅಷ್ಟಕ್ಕೇ ಕಾಲು ತಡೆದವು. ತನ್ನ ಪಾಳಿ ಇನ್ನೂ ಬಂದಿಲ್ಲ ಅನ್ನಿಸಿತು. ಹಾಗನ್ನಿಸಿದ ಕೂಡಲೇ ನಾಚಿಕೆಯೂ ಆಯಿತು. ಎಂಥ ಪಾಳಿ, ಯಾರು ಕೊಟ್ಟ ಪಾಳಿ, ಅದು ಪುಸ್ತಕದೊಳಗಿನ ಮಾತು, ನೀನು ನಿಂತಿರುವುದು ಸಿಂದಗಿಯಲ್ಲಿ ಎಂದು ತನ್ನನ್ನೇ ಗದರಿಕೊಂಡ. ಗದರಿಕೊಂಡರೂ ಕಾಲು ಏಳಲಿಲ್ಲ.

"ಮಾಸ್ತರ್ರ, ನೆರಳಿಗೆ ಬರ್ರಿ! ಇಲ್ಲಿ ಯಾರೂ ಚೀಟಿ ಕೇಳಂಗಿಲ್ಲ!" ಎದುರಿನ ಚಹಾದಂಗಡಿಯಿಂದ ಮೋದಿನಸಾಬ ಕೂಗಿದ. ಅಂಗಡಿಯ ಬಾಕಿನ ಮೇಲೆ ಕೂತವರು ನಕ್ಕರು. ಚಂದಪ್ಪನೂ ನಕ್ಕಂತೆ ಮಾಡಿದ. ಅವನ ಹುಚ್ಚು ಊರಿಗೆಲ್ಲ ಗೊತ್ತಿತ್ತು. ಹೈಸ್ಕೂಲಿನ ಹುಡುಗರು ಬೆನ್ನ ಹಿಂದೆ 'ನೆರಳ ಮಾಸ್ತರ' ಅನ್ನುತ್ತಿದ್ದರು. ಹೆಡ್ ಮಾಸ್ತರ ರಾವಸಾಬರು ಎದುರಿಗೇ ಅನ್ನುತ್ತಿದ್ದರು. ಮನೆಯಲ್ಲಿ ಹೆಂಡತಿ ಗುಂಡವ್ವ ಏನೂ ಅನ್ನುತ್ತಿರಲಿಲ್ಲ, ಅದೇ ಹೆಚ್ಚು ಚುಚ್ಚುತ್ತಿತ್ತು. ಇವತ್ತು ರವಿವಾರ ಬೆಳಿಗ್ಗೆ ಅವನು ಅಂಗಿ ತೊಟ್ಟುಕೊಳ್ಳುವಾಗ ಗೋಡೆಯ ಕಡೆ ನೋಡುತ್ತಾ "ಎಲ್ಲಿಗೆ?" ಎಂದಿದ್ದಳು. "ಕನ್ನೊಳ್ಳಿಗೆ." "ಯಾರ ಅದಾರ ಅಲ್ಲಿ?" ಹೇಗೆ ಹೇಳಿದರೂ ಅರ್ಧ ಸುಳ್ಳಾಗುತ್ತದೆ ಎಂದು ತಿಳಿದು, ಚಪ್ಪಲಿ ಮೆಟ್ಟಿ ಹೊರಬಿದ್ದಿದ್ದ.

ಚೀಲದಲ್ಲಿದ್ದದ್ದು ಒಂದೇ ಪುಸ್ತಕ. 'ನೆರಳಿನ ಪಾಳಿ' ಎಂಬ ಕಾದಂಬರಿ. ಸರಕಾರ ಎಲ್ಲವನ್ನೂ ಅಳೆದು ಕೊಡುತ್ತಿದ್ದ ಕಂಟ್ರೋಲಿನ ಕಾಲದಲ್ಲಿ ವಿಜಾಪುರದ ಯಾವುದೋ ಸಣ್ಣ ಮುದ್ರಣಾಲಯದಲ್ಲಿ ಅಚ್ಚಾದದ್ದು. ಬರೆದವನ ಹೆಸರಿದ್ದ ಕಡೆ 'ಬಿಸಿಲವಾಸಿ' ಎಂದಷ್ಟೇ ಇತ್ತು. ಕತೆ ಮುಂದೆ ಬರುವ ಯಾವುದೋ ಕಾಲದ್ದು: ನಮ್ಮದೇ ಸೀಮೆಯಂಥ ಒಂದು ಸೀಮೆ, ಮಳೆ ಮರೆತ ಆಕಾಶ, ಬೆರಳೆಣಿಕೆಯ ಮರಗಳು. ಅವೆಲ್ಲ ಸರಕಾರದ ವಶ. ಪ್ರತಿ ಮರಕ್ಕೊಬ್ಬ ಗಂಟೆಯವ. ಜನ ಚೀಟಿ ಹಿಡಿದು ಪಾಳಿಯಲ್ಲಿ ಬರಬೇಕು, ನೆರಳಲ್ಲಿ ಕೂರಬೇಕು, ಗಂಟೆ ಬಾರಿಸಿದಾಗ ಎದ್ದು ಬಿಸಿಲಿಗೆ ಹೋಗಬೇಕು. ಬಸುರಿಗೆ ಒಂದಿಷ್ಟು ಹೆಚ್ಚು, ತಂಟೆಕೋರನಿಗೆ ಒಂದಿಷ್ಟು ಕಡಿಮೆ. ಉಳ್ಳವರು ಇಲ್ಲದವರ ಪಾಳಿ ಕೊಳ್ಳುತ್ತಾರೆ. ಯಾರೂ ಯಾರನ್ನೂ ಹೊಡೆಯುವುದಿಲ್ಲ, ಬಯ್ಯುವುದಿಲ್ಲ, ಗಂಟೆ ಸಾಕು. ವರ್ಷಗಟ್ಟಲೆ ಹಾಗೆ ನಡೆದು ಕೊನೆಗೆ ಚೀಟಿ ಕಳೆದುಕೊಂಡವನು ಯಾರೂ ನೋಡದ ಕಡೆಯಲ್ಲೂ ನೆರಳಿಗೆ ಕಾಲಿಡಲಾರ. ಆ ಮಾತು ಓದಿದ ದಿನ ಚಂದಪ್ಪನಿಗೆ ಅನ್ನ ಸೇರಿರಲಿಲ್ಲ. ಇಂಥ ಪುಸ್ತಕವನ್ನು ಕನ್ನಡದಲ್ಲಿ ಒಬ್ಬ ಬರೆದಿದ್ದಾನೆ, ಒಬ್ಬರೂ ಓದಿಲ್ಲ, ಇದೆಂಥ ಅನ್ಯಾಯ ಎಂದು ಕಂಡಕಂಡವರಿಗೆಲ್ಲ ಹೇಳಿದ. ಕಂಡಕಂಡವರು ಮಳೆಯ ಬಗ್ಗೆ, ತೊಗರಿಯ ಬಗ್ಗೆ ಮಾತು ತಿರುಗಿಸಿದರು.

ಪುಸ್ತಕ ಕಡೆಯ ಪುಟದಲ್ಲಿ ವಾಕ್ಯದ ನಡುವೆಯೇ ನಿಂತುಹೋಗಿತ್ತು. ಒಬ್ಬ ಗಂಟೆಯವ, ಮರದ ಬುಡದಲ್ಲಿ ನಿದ್ದೆ ಹೋದ ಒಬ್ಬ ಮುದುಕಿ, ಅವಳ ಪಾಳಿ ಮುಗಿದಿದೆ, ಸಾಲಿನಲ್ಲಿ ಜನ ಕಾಯುತ್ತಿದ್ದಾರೆ. 'ಹಗ್ಗ ಅವನ ಕೈಯಲ್ಲಿತ್ತು. ಮುದುಕಿ ಕಣ್ಣು ತೆರೆದು' — ಅಲ್ಲಿಗೆ ಮುಗಿಯಿತು, ಮುಂದೆ ರಟ್ಟು. ವಾಚನಾಲಯದ ಪುಸ್ತಕಗಳ ಹಣೆಬರಹವೇ ಅಷ್ಟು, ಯಾರೋ ತಂಬಾಕು ಕಟ್ಟಿಕೊಳ್ಳಲು ಕಡೆಯ ಹಾಳೆಗಳನ್ನು ಹರಿದಿದ್ದಾರೆ ಎಂದು ಚಂದಪ್ಪ ತಿಳಿದ. ತರಗತಿಯಲ್ಲಿ ಕತೆ ಹೇಳುವಾಗ ಹುಡುಗರು "ಮುಂದರಿ?" ಎಂದು ಕೇಳಿದಾಗ, ಗೊತ್ತಿಲ್ಲ ಅನ್ನಲಾರದೆ, ತಾನೇ ಒಂದು ಕೊನೆ ಹೇಳಿದ. ಗಂಟೆಯವ ಹಗ್ಗ ಕತ್ತರಿಸುತ್ತಾನೆ. ಸಾಲಿನಲ್ಲಿದ್ದವರು ಬಂದು ಮುದುಕಿಯ ಸುತ್ತ ಕೂರುತ್ತಾರೆ. ಮಕ್ಕಳು ನಡುವೆ, ಗಂಡಸರು ಅಂಚಿಗೆ. ಹುಡುಗರು ಚಪ್ಪಾಳೆ ತಟ್ಟಿದರು. ವರ್ಷ ವರ್ಷ ಹೇಳಿ ಹೇಳಿ ಅದು ಅವನಿಗೇ ಓದಿದ ಹಾಗೆ ಆಗಿಬಿಟ್ಟಿತ್ತು. ಕೆಲವೊಮ್ಮೆ ಆ ಪುಟ ಕಣ್ಣಿಗೆ ಕಟ್ಟುತ್ತಿತ್ತು, ಅಕ್ಷರ ಸಮೇತ.

ಹೋದ ವಾರ ಧಾರವಾಡದಿಂದ ಪಠ್ಯಪುಸ್ತಕ ಮಾರಲು ಬಂದ ಪ್ರಕಾಶಕನೊಬ್ಬ ಸ್ಟಾಫ್ ರೂಮಿನಲ್ಲಿ ಕೂತು, ಬೇರೆ ಯಾರೂ ಮಾತಿಗೆ ಸಿಗದೆ, ಚಂದಪ್ಪನ ಮಾತನ್ನು ಪೂರ್ತಿ ಕೇಳಿದ. ಕೇಳಿ, ಚಷ್ಮಾ ತೆಗೆದು ಒರೆಸಿ, "ಭಾಳ ಛಲೋ ಐತ್ರಿ. ಪೂರ್ತಿ ಪ್ರತಿ ಕೊಡ್ರಿ, ನಾ ಅಚ್ಚು ಹಾಕಸ್ತೇನಿ. ಕೊನಿ ಇಲ್ಲದ ಪುಸ್ತಕಾ ಮಾತ್ರ ಯಾರೂ ಕೊಳ್ಳಂಗಿಲ್ಲ" ಎಂದ. ರಾವಸಾಬರು ಮೀಸೆಯಲ್ಲೇ ನಕ್ಕು, "ಕೊನೀ ನಮ್ಮ ಚಂದಪ್ಪಗ ಬಾಯಿಪಾಠ ಐತಿ, ಬರಸ್ಕೋರಿ" ಎಂದರು. ಎಲ್ಲರೂ ನಕ್ಕರು. ಚಂದಪ್ಪನಿಗೆ ಅವಮಾನವಾದದ್ದು ಆ ನಗೆಯಿಂದಲ್ಲ. ಆ ಮಾತು ಕೇಳಿದ ಕ್ಷಣದಲ್ಲಿ, ಹೌದಲ್ಲ, ಬರೆದು ಕೊಟ್ಟರಾಯಿತಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದು ತನ್ನೊಳಗೇ ಒಬ್ಬ ಎದ್ದು ಕೂತನಲ್ಲ, ಅದರಿಂದ.

ಬಸ್ಸು ಬಂತು. ಹತ್ತಿದವರೆಲ್ಲ ನೆರಳಿನ ಮಗ್ಗುಲು ಹಿಡಿದರು, ಚಂದಪ್ಪನಿಗೆ ಬಿಸಿಲಿನ ಮಗ್ಗುಲು ಸಿಕ್ಕಿತು. ಕಂಡಕ್ಟರು ಟಿಕೆಟ್ಟು ಹರಿದು ಕೊಟ್ಟಾಗ ಅದನ್ನು ಎರಡೂ ಕೈಯಿಂದ ಇಸಿದುಕೊಂಡು ಜೋಪಾನವಾಗಿ ಹಿಡಿದು ಕೂತ. ಕಂಡಕ್ಟರು ತಿರುಗಿ ತಿರುಗಿ ನೋಡಿದ. ಹೊರಗೆ ಜೋಳ ಕೊಯ್ದ ಹೊಲಗಳು ಬರಿದಾಗಿ ಬಿದ್ದಿದ್ದವು. ದೂರದ ಬದುವಿನಲ್ಲಿ ಒಂಟಿ ಜಾಲಿ, ಅದರ ಕೆಳಗೆ ಒಬ್ಬ ಕುರಿಯವ. ಅವನು ಎದ್ದು ನಿಂತದ್ದು ಕಂಡಿತು. ಯಾಕೆ ಎದ್ದ? ಯಾರು ಎಬ್ಬಿಸಿದರು? ಬಸ್ಸಿನ ಶಬ್ದದಲ್ಲಿ ಗಂಟೆ ಬಾರಿಸಿದ್ದರೂ ಕೇಳುತ್ತಿರಲಿಲ್ಲ. ಕುರಿಯವ ಕೋಲೆತ್ತಿ ಕುರಿಗಳ ಹಿಂದೆ ಓಡಿದ, ಕುರಿಗಳು ಯಾರದೋ ತೋಟಕ್ಕೆ ನುಗ್ಗಿದ್ದವು, ಅಷ್ಟೇ. ಅಷ್ಟೇ ಎಂದುಕೊಂಡರೂ ಜಾಲಿ ಮರೆಯಾಗುವ ತನಕ ತಿರುಗಿ ನೋಡಿದ. ಕನ್ನೊಳ್ಳಿ ಹತ್ತಿರವಾದಷ್ಟೂ ವರ್ಷಗಳ ಹಿಂದಿನ ಒಂದು ಸಂಜೆ ಹತ್ತಿರವಾಗುತ್ತಿತ್ತು.

ಆಗ ಅವನು ದಿನಾ ಸಾಲೆ ಬಿಟ್ಟ ಮೇಲೆ ಊರ ವಾಚನಾಲಯ ನೋಡಿಕೊಳ್ಳುತ್ತಿದ್ದ. ಬೇರೆಯವರು ಒಯ್ದ ಪುಸ್ತಕ ಬರೆದಿಡಬೇಕು. ಮಾಸ್ತರರು ಒಯ್ದದ್ದನ್ನು ಬರೆಯುವ ಪದ್ಧತಿ ಇರಲಿಲ್ಲ. ಮಾಸ್ತರರ ಮೇಲೆ ಊರಿಗೆ ಅಷ್ಟು ನಂಬಿಕೆ. ಹಾಗಾಗಿ 'ನೆರಳಿನ ಪಾಳಿ' ಅವನ ಮನೆಗೆ ಹೋಗಿ ಗೋಡೆಯ ಮಾಡದಲ್ಲಿ ಕೂತು ವರ್ಷ ಕಳೆದಿದ್ದರೂ ಕೇಳುವವರಿರಲಿಲ್ಲ. ಒಂದು ಸಂಜೆ ಹೊಸ್ತಿಲಾಚೆ ಯಾರೋ ನಿಂತರು. ಮಾಸಿದ ಉದ್ದ ಕೋಟು, ಬಿಳಿ ಗಡ್ಡ, ಕಳಚಿದ ಚಪ್ಪಲಿ ಕೈಯಲ್ಲಿ. ಬೇಸಿಗೆಯ ಇಳಿಬಿಸಿಲು ಅವರ ಬೆನ್ನ ಮೇಲಿತ್ತು. ಒಳಗೆ ಬರ್ರಿ ಎಂದು ಚಂದಪ್ಪ ಅನ್ನಲಿಲ್ಲ.

"ನೆರಳಿನ ಪಾಳಿ ಅಂತ ಒಂದು ಪುಸ್ತಕ ಐತೇನ್ರಿ?"

"ಇಲ್ರಿ."

"ಮೊದಲ ಇತ್ತಂತಲ್ರಿ."

"ಇದ್ದಿದ್ದಿಲ್ರಿ."

ಯಾಕೆ ಹಾಗಂದ? ಮನೆಯಲ್ಲಿದೆ, ನಾಳೆ ಬರ್ರಿ ಅಂದಿದ್ದರೆ ಮುಗಿಯುತ್ತಿತ್ತು. ವರ್ಷದಿಂದ ಮನೆಯಲ್ಲಿಟ್ಟುಕೊಂಡದ್ದು ಬಯಲಾದೀತೆಂಬ ಅಂಜಿಕೆಯೇ? ಅದೂ ಇತ್ತು. ಅದಕ್ಕಿಂತ ಹೆಚ್ಚಾಗಿ, ತಾನೊಬ್ಬನೇ ಓದಿದ ಪುಸ್ತಕದ ಹೆಸರು ಇನ್ನೊಬ್ಬರ ಬಾಯಲ್ಲಿ ಕೇಳಿ ಅವನಿಗೆ ಹೊಟ್ಟೆ ಉರಿದಿತ್ತು. ಅದು ನನ್ನ ಪುಸ್ತಕ, ಇವರಿಗೇನು ಕೆಲಸ ಎಂದು. ಮುದುಕರು "ಹಂಗಾದ್ರ ಬರ್ತೇನ್ರಿ" ಎಂದು ಚಪ್ಪಲಿ ಕೆಳಗಿಟ್ಟು ಮೆಟ್ಟಿಕೊಂಡು ಹೋದರು. ಅವರು ಹೋದ ಮೇಲೆ ಬಂದ ಮೋದಿನಸಾಬ, "ಕನ್ನೊಳ್ಳಿ ಹಾಜಿಮಲಂಗ ಮಾಸ್ತರು ಬಂದಿದ್ದರಲ್ಲ, ಯಾಕಂತ? ಹಿಂದೊಮ್ಮೆ ಅವರು ಬಿಸಿಲಿನ ಮ್ಯಾಲ ಒಂದು ಬುಕ್ಕ ಬರದಿದ್ರು ನೋಡ್ರಿ, ಊರ ಮಂದಿ ನಕ್ಕಿತ್ತು" ಎಂದ. ಬಿಸಿಲವಾಸಿ ಅವರೇ ಎಂದು ತಿಳಿದು ಚಂದಪ್ಪ ನಿಲ್ದಾಣದ ತನಕ ಓಡಿದ್ದ, ಬಸ್ಸು ಧೂಳೆಬ್ಬಿಸಿ ಹೋಗುವುದನ್ನು ನೋಡಿದ್ದ. ಇಲ್ಲ, ಓಡಿರಲಿಲ್ಲ; ಕುರ್ಚಿಯಲ್ಲಿ ಕೂತೇ ಇದ್ದ, ದೀಪ ಹಚ್ಚುವ ತನಕ. ಎರಡೂ ಅಷ್ಟೇ ಸ್ಪಷ್ಟವಾಗಿ ನೆನಪಿದ್ದವು. ಎರಡರಲ್ಲಿ ಒಂದನ್ನು ಅವನೇ ಕಟ್ಟಿಕೊಂಡಿರಬೇಕು. ಯಾವುದೆಂದು ತಿಳಿಯದೆ ಇಷ್ಟು ವರ್ಷ ಕನ್ನೊಳ್ಳಿಯ ದಾರಿಯನ್ನೇ ತುಳಿದಿರಲಿಲ್ಲ. ಈಗ ಹೋಗುತ್ತಿರುವುದು ಕಡೆಯ ಹಾಳೆಗಳಿಗಾಗಿ. ಬರೆದವರ ಮನೆಯಲ್ಲಿ ಅವು ಇಲ್ಲದೆ ಇರುತ್ತವೆಯೇ? ಅವು ಸಿಕ್ಕರೆ ಪುಸ್ತಕ ಅಚ್ಚಾಗುತ್ತದೆ, ಪುಸ್ತಕ ಅಚ್ಚಾದರೆ ಆ ಸಂಜೆ ಅಳಿಸಿಹೋಗುತ್ತದೆ ಎಂದು ಲೆಕ್ಕ ಹಾಕಿಕೊಂಡಿದ್ದ.

ಮನೆ ಸುಲಭವಾಗಿ ಸಿಕ್ಕಿತು. ಅಂಗಳದಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ಹಗ್ಗದ ಹೊರಸು, ಹೊರಸಿನ ಮೇಲೆ ಹಾಜಿಮಲಂಗ ಮಾಸ್ತರು. ಅವರ ಹೆಂಡತಿ ಪೀರಬಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಾಸ್ತರರ ಮುಖ ಬಾಗಿಲ ಕಡೆ ತಿರುಗಿತು, ಕಣ್ಣು ಮಾತ್ರ ಎಲ್ಲೋ ಮೇಲೆ ನೋಡಿದವು. ಎರಡೂ ಕಣ್ಣಿನ ಮೇಲೆ ಹಾಲಿನ ಬಣ್ಣದ ಪೊರೆ. ಚಂದಪ್ಪ ಅಂಗಳದ ನಡುವೆ ನಿಂತುಬಿಟ್ಟ.

"ಯಾರ ಅವರು?"

"ಸಿಂದಗಿ ಹೈಸ್ಕೂಲ ಮಾಸ್ತರಂತ, ಚಂದಪ್ಪ ಅಂತ ಹೆಸರು," ಪೀರಬಿ ಅವನನ್ನು ವಿಚಾರಿಸಿಕೊಂಡು ಗಂಡನಿಗೆ ಹೇಳಿ, ಒಂದು ಮಣೆ ತಂದಿಟ್ಟಳು. ಚಂದಪ್ಪ ಅದನ್ನು ತನಗೆ ಅರಿವಿಲ್ಲದೆಯೇ ಹಿಂದಕ್ಕೆಳೆದು ಬಿಸಿಲಿನಲ್ಲಿ ಕೂತ. "ಅಯ್ಯ, ಬಿಸಿಲಾಗ ಯಾಕ ಕುಂತ್ರಿ, ನೆರಳಿಗೆ ಸರೀರಿ," ಎಂದಳು. ಸರಿದ. ನೆರಳು ಮೈಗೆ ತಾಕಿದಾಗ ಕಳ್ಳತನ ಮಾಡಿದಂತೆ ಕಸಿವಿಸಿಯಾಯಿತು.

"ನೆರಳಿನ ಪಾಳಿ ಸಲುವಾಗಿ ಬಂದೇನ್ರಿ," ಎಂದ.

ಮುದುಕರು ಗಡ್ಡ ಅಲುಗಿಸಿ ನಕ್ಕರು. "ಅದು ಸತ್ತು ಭಾಳ ದಿನಾ ಆತಲ್ರಿ. ಮನ್ಯಾಗ ಇದ್ದದ್ದು ಒರಲಿ ತಿಂತು, ಮಂದಿ ಒಯ್ದದ್ದು ಮಂದಿ ತಿಂದ್ರು. ನಿಮಗ್ಯಾರು ಹೇಳಿದ್ರು ಅದರ ಸುದ್ದಿ?"

"ನನ್ನ ಚೀಲದಾಗ ಐತ್ರಿ."

ಪೀರಬಿಯ ಕೈ ನಿಂತಿತು, ಜೋಳದ ಸಪ್ಪಳವೂ ನಿಂತಿತು. ಮಾಸ್ತರರು ಎರಡೂ ಕೈ ಚಾಚಿದರು. ಪುಸ್ತಕ ಇಸಿದುಕೊಂಡು ರಟ್ಟನ್ನು ಸವರಿದರು, ಹಾಳೆಗಳ ಅಂಚಿಗೆ ಹೆಬ್ಬೆರಳು ಆಡಿಸಿದರು, ಮೂಗಿಗೆ ಹಿಡಿದರು. ಗಡ್ಡದೊಳಗೆ ತುಟಿ ನಡುಗಿದ್ದನ್ನು ಚಂದಪ್ಪ ನೋಡಿದ. ನೋಡಬಾರದಿತ್ತು ಅನ್ನಿಸಿ ಮರದ ಕಡೆ ಮುಖ ತಿರುಗಿಸಿದ. ಧಾರವಾಡದ ಪ್ರಕಾಶಕನ ವಿಷಯ ಗಡಬಡಿಸಿ ಹೇಳಿ ಮುಗಿಸಿ, "ಕಡೀ ಹಾಳಿ ಅಷ್ಟ ಬೇಕಾಗ್ಯಾವ್ರಿ. ಇದರಾಗ ಯಾರೋ ಹರಕೊಂಡಾರ," ಎಂದ.

"ಯಾರೂ ಹರಕೊಂಡಿಲ್ರಿ. ಅದು ಅಷ್ಟ ಇದ್ದದ್ದು."

"ಅಂದ್ರ?"

"ಕಾಗದಾ ಮುಗೀತ್ರಿ. ಆವಾಗ ಕಾಗದಕ್ಕೂ ಕಂಟ್ರೋಲು. ಮುಂದಿನ ಕೋಟಾ ಬಂದ ಮ್ಯಾಲೆ ಉಳದದ್ದು ಹಾಕ್ತೇನಿ ಅಂದ ಪ್ರೆಸ್ಸಿನವ, ಆದಷ್ಟಕ್ಕ ರಟ್ಟು ಹಚ್ಚಿ ಕೊಟ್ಟ. ಕೋಟಾ ಬರೂದ್ರಾಗ ಪ್ರೆಸ್ಸ ಮುಚ್ಚಿತ್ತು. ನಾ ಕೈಲೆ ಬರದದ್ದೂ ಅಲ್ಲೇ ಹೋತು." ಮುದುಕರು ಮತ್ತೆ ನಕ್ಕರು. "ನೆರಳ ಹಂಚೂದರ ಮ್ಯಾಲ ಬರದ ಬುಕ್ಕಿಗೆ ಕಾಗದದ ಪಾಳಿ ಬರಲಿಲ್ಲ ನೋಡ್ರಿ."

ಚಂದಪ್ಪನಿಗೆ ನಗು ಬರಲಿಲ್ಲ. ಅವನ ತಲೆಯಲ್ಲಿ ಏನೋ ಜಾರಿ ಬಿದ್ದಂತಾಗಿತ್ತು. ಹಾಳೆಗಳು ಇಲ್ಲ. ಎಲ್ಲೂ ಇಲ್ಲ. ಹಾಗಾದರೆ ತಾನು ಕಣ್ಣಾರೆ ಕಂಡಿದ್ದ ಆ ಪುಟ, ಹಗ್ಗ ಕತ್ತರಿಸುವ ಗಂಟೆಯವ, ಅಂಚಿಗೆ ಕೂತ ಗಂಡಸರು? ಒಂದು ಕ್ಷಣ ಮುದುಕರ ಮೇಲೆಯೇ ಸಂಶಯ ಬಂತು. ವಯಸ್ಸಾಗಿದೆ, ಮರೆತಿದ್ದಾರೆ, ಕೊನೆ ಇದೆ, ನನಗೆ ಗೊತ್ತಿದೆ. ಹೀಗೆ ಅಂದುಕೊಳ್ಳುತ್ತಿರುವಾಗಲೇ ಮಾಸ್ತರರು ಪುಸ್ತಕವನ್ನು ಅವನ ಕಡೆ ಚಾಚಿ, ಮಕ್ಕಳು ಬೆಲ್ಲ ಕೇಳುವ ದನಿಯಲ್ಲಿ, "ಕಡೀಕಡೀದು ಒಂದೀಟು ಓದ್ರಲ್ಲ. ಹ್ಯಾಂಗ ಬರದಿದ್ದೆ, ಮರತ ಹೋಗೇತಿ," ಎಂದರು.

ಅವನು ಓದಿದ. ಪೀರಬಿ ಗಂಡನ ಕಾಲ ಬಳಿ ಬಂದು ಕೂತಳು. ಮೊದಮೊದಲು ದನಿ ತಡವರಿಸಿತು, ಆಮೇಲೆ ತರಗತಿಯ ದನಿ ತಾನಾಗಿ ಬಂತು. ಮುದುಕರು ನಡುನಡುವೆ "ಹಾಂ" ಎಂದರು, ಒಮ್ಮೆ "ಇಲ್ಲಿ ಜಾಸ್ತಿ ಆತು" ಎಂದರು, ಒಮ್ಮೆ ಸುಮ್ಮನೆ ತೊಡೆ ತಟ್ಟಿಕೊಂಡರು. ನೆರಳು ಸರಿದು ಬಿಸಿಲು ಚಂದಪ್ಪನ ಮೊಣಕಾಲು ಹತ್ತಿತು. "ನೆರಳಿಗೆ ಸರೀರಿ ಮಾಸ್ತರ," ಎಂದಳು ಪೀರಬಿ ಮೆತ್ತಗೆ, ಓದು ಕೆಡದ ಹಾಗೆ. ಸರಿದ. ಸಾಲಿನಲ್ಲಿ ಜನ ಕಾದರು. ಹಗ್ಗ ಗಂಟೆಯವನ ಕೈಗೆ ಬಂತು. ಮುದುಕಿ ಕಣ್ಣು ತೆರೆದು — ರಟ್ಟು ಎದುರಿಗಿತ್ತು, ಕಂದು ಬಣ್ಣದ ಬರಿಯ ರಟ್ಟು. ಮುದುಕರ ಮುಖ ಮೇಲೆತ್ತಿ ಕಾಯುತ್ತಿತ್ತು. ಚಂದಪ್ಪ ನಿಲ್ಲಿಸಲಿಲ್ಲ. ನಿಲ್ಲಿಸಬೇಕೆಂದೇ ಇದ್ದ, ಬಾಯಿ ನಿಲ್ಲಲಿಲ್ಲ. ಮುದುಕಿ ಕಣ್ಣು ತೆರೆದು ಗಂಟೆಯವನನ್ನು ನೋಡಿದಳು, ಅವನು ಸೊಂಟದ ಕುಡುಗೋಲು ತೆಗೆದು ಹಗ್ಗ ಕತ್ತರಿಸಿದ, ಸಾಲು ಮುರಿಯಿತು. ಅದೇ ದನಿ, ಅದೇ ಏರಿಳಿತ. ಇದೇ ಕೊನೆ, ಇವರೇ ಬರೆದದ್ದು, ಇವರೀಗ ಹೌದು ಅನ್ನುತ್ತಾರೆ, ನಾನು ಹೋಗಿ ಪ್ರಕಾಶಕನಿಗೆ ಕೊಡುತ್ತೇನೆ. ಮಕ್ಕಳು ನಡುವೆ, ಗಂಡಸರು ಅಂಚಿಗೆ.

"ಮಾಸ್ತರ," ಹಾಜಿಮಲಂಗರು ಮೆಲ್ಲಗೆ ಅಂದರು, "ಹಾಳಿ ತಿರುವಿದ ಸಪ್ಪಳ ನಿಂತು ಭಾಳ ಹೊತ್ತಾತ್ರಿ."

ಚಂದಪ್ಪ ಅಲ್ಲಿಗೇ ನಿಲ್ಲಿಸಿದ. ಪುಸ್ತಕ ಮುಚ್ಚಿದ.

"ಸಿಟ್ಟಿಲ್ರಿ. ಛಲೋ ಕಟ್ಟೀರಿ. ನಿಮ್ಮ ಗಂಟಿಯವ ಭಾಳ ದೊಡ್ಡ ಮನಷ್ಯಾ. ನನ್ನಾವ ಅಷ್ಟು ದೊಡ್ಡಾವಲ್ಲ ಅನಸ್ತೈತಿ. ಏನ ಮಾಡ್ದ ಅಂತ ನನಗೂ ಈಗ ನೆನಪಿಲ್ಲ. ಆದ್ರ ಇದನ್ನ ನನ್ನ ಹೆಸರಿಲೆ ಅಚ್ಚ ಹಾಕಸಬ್ಯಾಡ್ರಿ."

"ಹಂಗಾದ್ರ ಪ್ರಕಾಶಕ ಒಪ್ಪಂಗಿಲ್ರಿ. ಪುಸ್ತಕಾ ಹಿಂಗ ಹೋಗತೈತಿ."

"ಹೋಗಲಿ." ಮುದುಕರೇ ಮುಂದುವರಿಸಿದರು. "ಒಮ್ಮೆ ಬರೀಬೇಕು ಅನಸಿತ್ರಿ. ಆವಾಗ ಕಣ್ಣು ಇನ್ನೂ ಇದ್ವು, ಹೋಗಾಕತ್ತಿದ್ವು. ಮೊದಲಿನದು ಪೂರಾ ಓದಿಕೊಂಡ್ರ ಉಳದದ್ದು ಬರೀತಿದ್ದೆ, ಒಂದು ಬ್ಯಾಸಿಗ್ಯಾಗ ಮುಗಸ್ತಿದ್ದೆ. ಅದಕ್ಕ ಒಂದು ಪ್ರತಿ ಸಿಗತೈತೇನು ಅಂತ ಸಿಂದಗಿ ತನಕಾ ಹೋಗಿದ್ದೆ, ವಾಚನಾಲಯಕ್ಕ. ಇಲ್ರಿ ಅಂದ್ರು. ಪಾಪ, ಇದ್ದಿದ್ರ ಕೊಡ್ತಿದ್ರು."

ಅಂಗಳದಲ್ಲಿ ಒಂದು ಕೋಳಿ ಮಣ್ಣು ಕೆದರುತ್ತಿತ್ತು. ಚಂದಪ್ಪ ಅದನ್ನೇ ನೋಡಿದ. ಸುಮ್ಮನಿದ್ದರೆ ಆಗುತ್ತಿತ್ತು. ಇವರಿಗೆ ಕಣ್ಣಿಲ್ಲ, ಸಾಕ್ಷಿ ಇಲ್ಲ, ಬರೆದಿಟ್ಟದ್ದು ಇಲ್ಲ. ಚಹಾ ಕುಡಿದು ನಮಸ್ಕಾರ ಮಾಡಿ ಬಸ್ಸು ಹಿಡಿಯಬಹುದಿತ್ತು. ಆ 'ಪಾಪ' ಎಂಬ ಮಾತು ಮಾತ್ರ ಬಿಡಲಿಲ್ಲ. ಹಾಳೆ ಹರಿದವನು ಯಾವ ತಂಬಾಕಿನವನೂ ಅಲ್ಲ, ತಾನೇ. ಆ ಬೇಸಿಗೆಯ ಕಣ್ಣು, ಆ ಬೇಸಿಗೆಯ ಹಾಳೆ, ಎಲ್ಲ ಇವನ ಮಾಡದಲ್ಲೇ ಕೂತಿದ್ದವು.

"ಇತ್ರಿ," ಎಂದ.

"ಏನಂದ್ರಿ?"

"ಪುಸ್ತಕಾ ಇತ್ರಿ. ಆವತ್ತ ಇಲ್ಲ ಅಂದಾವ ನಾನ. ನನ್ನ ಮನ್ಯಾಗಿತ್ತು. ಇದ ಪ್ರತಿ."

ಮಾತು ಹೊರಬಿದ್ದ ಮೇಲೆ ಹಗುರಾಗುತ್ತದೆ ಎಂದು ಎಲ್ಲೋ ನಂಬಿದ್ದ, ಹಾಗೇನೂ ಆಗಲಿಲ್ಲ. ಪೀರಬಿ ತಲೆ ಎತ್ತಿ ಅವನನ್ನು ನೋಡಿದಳು, ಬೈಯಲಿಲ್ಲ. ಮುದುಕರು ಬೆರಳುಗಳನ್ನು ಹೊರಸಿನ ಹಗ್ಗದೊಳಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ಕೂತರು. ಅವರ ಕುರುಡು ಕಣ್ಣು ಬೇವಿನ ಎಲೆಗಳ ಕಡೆಗಿದ್ದವು. ಬಯ್ದಿದ್ದರೆ ಎದ್ದು ಹೋಗಬಹುದಿತ್ತು, ಕ್ಷಮಿಸಿದ್ದರೂ ಹೋಗಬಹುದಿತ್ತು. ಊರ ಹೊರಗಿನ ರಸ್ತೆಯಲ್ಲಿ ಸಿಂದಗಿಯ ಬಸ್ಸು ಹಾರ್ನು ಹಾಕಿತು. ಚಂದಪ್ಪನಿಗೆ ಅದು ಗಂಟೆಯಲ್ಲ, ಬಸ್ಸು ಎಂದು ತಿಳಿಯಲು ಕೂಡ ಸ್ವಲ್ಪ ಹೊತ್ತು ಬೇಕಾಯಿತು.

"ಓದ್ರಿ," ಎಂದರು ಹಾಜಿಮಲಂಗರು.

"ಎಲ್ಲಿಂದ್ರಿ?"

"ಮೊದಲಿಂದ. ಕೇಳಿದ್ರ ಏನರೆ ನೆನಪಾದೀತು. ಇವತ್ತ ಮುಗೀದಿದ್ರ ಮುಂದಿನ ರವಿವಾರ ಬರ್ರಿ."

ಅವನು ಪುಸ್ತಕ ತೆರೆದ. ಮೊದಲ ವಾಕ್ಯ ಓದುವಷ್ಟರಲ್ಲಿ ನೆರಳು ಅವನನ್ನು ಪೂರ್ತಿ ಬಿಟ್ಟು ಹೊರಸಿನ ಕಡೆಗೆ ಸರಿದಿತ್ತು. ಬಿಸಿಲು ಅವನ ತಲೆಯ ಮೇಲೆ, ಹಾಳೆಯ ಮೇಲೆ ಬಿದ್ದು ಅಕ್ಷರಗಳು ಕಣ್ಣಿಗೆ ಹೊಡೆಯುತ್ತಿದ್ದವು. ಹೊರಸಿನ ಪಕ್ಕದ ನೆರಳಲ್ಲಿ ಜಾಗವಿತ್ತು. ಓದುತ್ತಲೇ ಅವನು ಒಮ್ಮೆ ಆ ಕಡೆ ನೋಡಿದ, ಆಮೇಲೆ ಪೀರಬಿಯ ಕಡೆ ನೋಡಿದ. ಅವಳು ಜೋಳದ ಮೊರ ಎಳೆದುಕೊಂಡು ಕಲ್ಲು ಆರಿಸತೊಡಗಿದ್ದಳು. ನೆರಳಿಗೆ ಸರೀರಿ ಎಂದು ಈ ಸಲ ಅನ್ನಲಿಲ್ಲ.